ಟರ್ಬೊ ಇಂಜಿನ್ನಿನ ಉಸಿರು ಮತ್ತು ಆಯಿಲ್ ಹಿಡಿಯುವ ಡಬ್ಬಿ



ಹಿರಿಯೂರಿನಿಂದ ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48ರ ಆಜುಬಾಜಿನ ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿನಿಂದ ಶುರು ಮಾಡುತ್ತೇನೆ. ಡೀಸೆಲ್ ಕಾರು ಪಿಕಪ್ ಕಳಕೊಂಡು ಬಂದು ನಿಂತಿರುತ್ತದೆ. ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತಿ, ಟರ್ಬೊದಿಂದ, ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ಪೈಪಿನ ಕ್ಲಾಂಪ್ ಸಡಿಲಿಸಿ, ಒಳಗೆ ಬೆರಳಿಟ್ಟು ತೆಗೆಯುತ್ತಾನೆ. ಬೆರಳಿಗೆ ಕಪ್ಪು ಜಿಡ್ಡು.

"ಅಣ್ಣಾ, ಟರ್ಬೊ ಹೋಗೈತೆ. ನೋಡ್ರಿ, ಪೈಪೆಲ್ಲಾ ಆಯಿಲ್ಲು."

"ಈಗೇನು ಮಾಡಾದಪ್ಪಾ?"

"ಹೊಸದು ಹಾಕ್ಸ್‌ಬೇಕಣ್ಣಾ. ಬೇರೆ ದಾರಿ ಇಲ್ಲ."

ಹೊಸ ಟರ್ಬೊ ಎಂದರೆ ಹತ್ತಾರು ಸಾವಿರ ರೂಪಾಯಿ. ಅಡಿಕೆ ಮಾರಿದ ದುಡ್ಡೋ, ಟ್ಯಾಕ್ಸಿ ಓಡಿಸಿ ಕೂಡಿಟ್ಟ ದುಡ್ಡೋ ಅದಕ್ಕೆ ಹೋಗುತ್ತದೆ. ಕೆಲವು ತಿಂಗಳು ಕಳೆದು ಅದೇ ಪೈಪ್ ಬಿಚ್ಚಿದರೆ ಮತ್ತೆ ಅದೇ ಜಿಡ್ಡು. ಟರ್ಬೊ ನಿಜವಾಗಿಯೂ ಕೆಟ್ಟಿರುವ ಗಾಡಿಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟು ಸಲ ಆ ಆಯಿಲ್ ಟರ್ಬೊದಿಂದ ಬಂದಿರುವುದಿಲ್ಲ. ಅದು ಇಂಜಿನ್ ಉಸಿರು ಬಿಡುವ ಬ್ರೀದರ್ ಪೈಪಿನಿಂದ ಬಂದು, ಟರ್ಬೊವನ್ನು ಹಾದು, ಇಂಟರ್‌ಕೂಲರಿನ ದಾರಿ ಹಿಡಿದಿರುತ್ತದೆ. ಆ ಬ್ರೀದರ್ ಪೈಪಿನ ನಡುವೆ ಇಡುವ ಒಂದು ಸಣ್ಣ ಡಬ್ಬಿಯೇ ಇವತ್ತಿನ ನನ್ನ ವಿಷಯ. ಅದನ್ನು ಆಯಿಲ್ ಕ್ಯಾಚ್ ಕ್ಯಾನ್ ಎನ್ನುತ್ತಾರೆ. ಈಗ ಬೆಂಗಳೂರಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ನಮ್ಮ ತಾಲ್ಲೂಕುಗಳ ಯುವಕರು ತಮ್ಮ ಕಾರುಗಳಿಗೆ ಹಾಕಿಸಲು ಕೇಳುತ್ತಿದ್ದಾರೆ. ಅದು ಏನು ಮಾಡುತ್ತದೆ, ಯಾರಿಗೆ ಬೇಕು, ಯಾರಿಗೆ ಬೇಡ, ಹಾಕುವುದಾದರೆ ಹೇಗೆ ಹಾಕಬೇಕು ಎಂಬುದನ್ನು ತಿಳಿದು ಹಾಕಿಸಬೇಕು ಎಂಬುದು ನನ್ನ ಆಸೆ.

ಮೊದಲು ಇಂಜಿನ್ನಿನ ಉಸಿರಾಟವನ್ನು ಅರ್ಥ ಮಾಡಿಕೊಳ್ಳೋಣ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಪಿಸ್ಟನ್ನಿನ ಮೇಲೆ ಬೀಳುವ ಒತ್ತಡ ಹೊರಗಿನ ಗಾಳಿಯ ಒತ್ತಡದ ಹತ್ತಾರು ಪಟ್ಟು. ಇಂದಿನ ಟರ್ಬೊ ಡೀಸೆಲ್‌ಗಳಲ್ಲಿ ಅದು ನೂರು ಪಟ್ಟು ದಾಟುತ್ತದೆ. ಪಿಸ್ಟನ್ನಿನ ರಿಂಗುಗಳು ಎಷ್ಟೇ ಹೊಸದಾಗಿರಲಿ, ಅಷ್ಟು ಒತ್ತಡದಲ್ಲಿ ಒಂದಿಷ್ಟು ಹೊಗೆ ಅವುಗಳ ಸಂದಿನಿಂದ ಕೆಳಗೆ ನುಸುಳಿ, ಆಯಿಲ್ ಇರುವ ಚೇಂಬರಿಗೆ ಇಳಿದೇ ಇಳಿಯುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಇಂಜಿನ್ ಚಾಲೂ ಇಟ್ಟು, ಟ್ಯಾಪೆಟ್ ಕವರಿನ ಮೇಲಿನ ಆಯಿಲ್ ಕ್ಯಾಪ್ ತೆಗೆದು, ಅಲ್ಲಿಂದ ಎಷ್ಟು ಹೊಗೆ ಹೊಡೆಯುತ್ತದೆ ಎಂದು ನೋಡುವುದು ಇದನ್ನೇ. ಸ್ವಲ್ಪ ಬಂದರೆ ಸಹಜ. ಸ್ಟೀಮ್ ಇಂಜಿನ್ನಿನಂತೆ ಭುಸುಗುಟ್ಟಿದರೆ ರಿಂಗು, ಬೋರು ಸವೆದಿದೆ ಎಂದು ತಿಳಿದವರು ಹಿಂದೆ ಸರಿಯುತ್ತಾರೆ.

ಹೀಗೆ ಇಳಿದ ಹೊಗೆಯಲ್ಲಿ ಉರಿಯದೆ ಉಳಿದ ಇಂಧನದ ಆವಿ, ನೀರಾವಿ, ಮಸಿ, ಒಂದಿಷ್ಟು ಆಮ್ಲದ ಅಂಶ ಎಲ್ಲ ಇರುತ್ತವೆ. ಚೇಂಬರಿನಲ್ಲಿ ಕ್ರ್ಯಾಂಕ್ ಶಾಫ್ಟು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಆಯಿಲನ್ನು ಎರಚಾಡಿ ಮಂಜಿನಂತೆ ಮಾಡಿಟ್ಟಿರುತ್ತದೆ. ಹೊಗೆ ಆ ಮಂಜನ್ನೂ ಹೊತ್ತು ಹೊರಬರಲು ದಾರಿ ಹುಡುಕುತ್ತದೆ. ದಾರಿ ಕೊಡದಿದ್ದರೆ ಚೇಂಬರಿನ ಒತ್ತಡ ಏರಿ ಕ್ರ್ಯಾಂಕಿನ ಆಯಿಲ್ ಸೀಲುಗಳನ್ನು ತಳ್ಳಿ ಹಾಕುತ್ತದೆ, ಆಯಿಲ್ ಗೇಜಿನ ಕಡ್ಡಿಯನ್ನೂ ಮೇಲಕ್ಕೆ ಎಬ್ಬಿಸುತ್ತದೆ. ಆದ್ದರಿಂದ ಇಂಜಿನ್ನಿಗೆ ಬ್ರೀದರ್ ಎಂಬ ಉಸಿರುನಳಿಕೆ ಇರಲೇಬೇಕು.

ಹಳೆಯ ಕಾಲದ ಇಂಜಿನ್ನುಗಳಲ್ಲಿ ಈ ನಳಿಕೆಯನ್ನು ಸುಮ್ಮನೆ ಕೆಳಮುಖವಾಗಿ ರಸ್ತೆಯ ಕಡೆಗೆ ಬಿಟ್ಟಿರುತ್ತಿದ್ದರು. ಲಾರಿ ನಿಲ್ಲುವ ಜಾಗಗಳಲ್ಲಿ ನೆಲದ ಮೇಲೆ ಕಾಣುತ್ತಿದ್ದ ಆಯಿಲ್ ಕಲೆಗಳಲ್ಲಿ ಇದರ ಪಾಲೂ ಇತ್ತು. ಅಮೆರಿಕದ ಲಾಸ್ ಏಂಜಲಿಸ್ ನಗರದ ಮೇಲೆ ಕವಿಯುತ್ತಿದ್ದ ಕಣ್ಣುರಿಯ ಹೊಗೆಮಂಜಿಗೆ ಕಾರಣ ಹುಡುಕಿದ ವಿಜ್ಞಾನಿಗಳಿಗೆ, ಕಾರುಗಳಿಂದ ಹೊರಬೀಳುವ ಹೈಡ್ರೋಕಾರ್ಬನ್‌ಗಳಲ್ಲಿ ಗಣನೀಯ ಭಾಗ ಸೈಲೆನ್ಸರಿನಿಂದಲ್ಲದೆ ಈ ಬ್ರೀದರಿನಿಂದ ಬರುತ್ತಿದೆ ಎಂದು ಗೊತ್ತಾಯಿತು. ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಹೊಸ ಕಾರುಗಳಿಂದಲೇ ಬ್ರೀದರ್ ಹೊಗೆಯನ್ನು ಮರಳಿ ಇಂಜಿನ್ನಿಗೆ ಎಳೆದು ಸುಡುವ ವ್ಯವಸ್ಥೆ ಬಂತು. ಪಿಸಿವಿ ವಾಲ್ವ್ ಎಂದು ಪೆಟ್ರೋಲ್ ಕಾರುಗಳಲ್ಲಿ ಕರೆಯುವುದು ಇದರ ಮುಖ್ಯ ಭಾಗವನ್ನು. ಮಾಲಿನ್ಯ ತಡೆಯಲು ಬಂದ ಮೊದಮೊದಲ ಸಾಧನಗಳಲ್ಲಿ ಇದೂ ಒಂದು. ಈಗ ನಮ್ಮ ದೇಶದ ಹೊಸ ಕಾರುಗಳಲ್ಲೂ ಬ್ರೀದರ್ ಹೊರಕ್ಕೆ ತೆರೆದುಕೊಳ್ಳುವುದಿಲ್ಲ, ಒಳಕ್ಕೇ ಸೇರುತ್ತದೆ.

ಊರಿಗೆ ಇದರಿಂದ ಒಳ್ಳೆಯದಾಯಿತು. ಆದರೆ ಇಂಜಿನ್ ತಾನು ಬಿಟ್ಟ ಉಸಿರನ್ನು ತಾನೇ ಮತ್ತೆ ಎಳೆದುಕೊಳ್ಳಬೇಕಾಯಿತು. ಟರ್ಬೊ ಇಲ್ಲದ ಕಾರುಗಳಲ್ಲಿ ಅದು ಅಂಥ ತೊಂದರೆ ಕೊಡಲಿಲ್ಲ. ಟರ್ಬೊ ಬಂದ ಮೇಲೆ ಲೆಕ್ಕ ಬದಲಾಯಿತು.

ಟರ್ಬೊ ಎಂಬುದು ಹೊಸ ಕಲ್ಪನೆಯಲ್ಲ. ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಅದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ಬಲದಿಂದ ಒಂದು ಚಕ್ರ ತಿರುಗುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಕಾರುಗಳ ಪುಟ್ಟ ಟರ್ಬೊಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತವೆ. ನಮ್ಮ ಕಣ್ಣಮುಂದಿನ ಉದಾಹರಣೆ ಬೇಕಾದರೆ ಬಿಡದಿಯಲ್ಲಿ ತಯಾರಾದ ಎರಡು ಗಾಡಿಗಳನ್ನು ನೆನೆಯಿರಿ. 2000ದಲ್ಲಿ ಬಂದ ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಇಂಜಿನ್ನಿಗೆ ಟರ್ಬೊ ಇರಲಿಲ್ಲ, ಅದರ ಶಕ್ತಿ ಸುಮಾರು 75 ಅಶ್ವಶಕ್ತಿ. 2005ರಲ್ಲಿ ಬಂದ ಇನ್ನೋವಾದ 2.5 ಲೀಟರ್ ಇಂಜಿನ್ನಿಗೆ ಟರ್ಬೊ ಇತ್ತು, ಶಕ್ತಿ 102ಕ್ಕೆ ಏರಿತು. ಇಂಜಿನ್ನಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಈಗಂತೂ ಒಂದು ಲೀಟರಿನ ಪೆಟ್ರೋಲ್ ಇಂಜಿನ್ನುಗಳಿಗೂ ಟರ್ಬೊ ಬಂದಿದೆ.

ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ ಸಿಲಿಂಡರಿನ ಒತ್ತಡ ಹೆಚ್ಚುತ್ತದೆ, ರಿಂಗಿನ ಸಂದಿನಿಂದ ಇಳಿಯುವ ಹೊಗೆಯೂ ಹೆಚ್ಚುತ್ತದೆ. ಆ ಹೊಗೆಯನ್ನು ಟರ್ಬೊ ಆಚೆಗಿನ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಬಿಡುವಂತಿಲ್ಲ, ಅಲ್ಲಿ ಗಾಳಿ ಒತ್ತಿಕೊಂಡು ನಿಂತಿರುತ್ತದೆ. ಹಾಗಾಗಿ ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿಗೆ ಬ್ರೀದರನ್ನು ಜೋಡಿಸಿರುತ್ತಾರೆ. ಅಲ್ಲಿ ಸದಾ ಎಳೆತ ಇರುತ್ತದೆ. ಹೀಗೆ ಆಯಿಲ್ ಮಂಜು ಮೊದಲು ಟರ್ಬೊ ಚಕ್ರಕ್ಕೆ ತಾಗಿ, ಅದರ ಬಿಸಿಗೆ ಅಲ್ಲಲ್ಲಿ ಹೊತ್ತಿ ಅಂಟಿ, ಆಮೇಲೆ ಇಂಟರ್‌ಕೂಲರಿನ ಒಳಗೋಡೆಗೆ ಪದರವಾಗಿ ಕೂತು, ಕೊನೆಗೆ ವಾಲ್ವುಗಳವರೆಗೆ ಹೋಗುತ್ತದೆ.

ಡೀಸೆಲ್ ಗಾಡಿಯಲ್ಲಿ ಇದರ ಜೊತೆಗೆ ಇಜಿಆರ್ ಸೇರುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡಲು ಸೈಲೆನ್ಸರಿನ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವ್ಯವಸ್ಥೆ ಅದು. ಒಂದು ಕಡೆಯಿಂದ ಇಜಿಆರ್ ಮಸಿ, ಇನ್ನೊಂದು ಕಡೆಯಿಂದ ಬ್ರೀದರಿನ ಆಯಿಲ್. ಎರಡೂ ಮ್ಯಾನಿಫೋಲ್ಡಿನಲ್ಲಿ ಕೂಡಿದರೆ ಡಾಂಬರಿನಂಥ ಗಟ್ಟಿ ಲೇಪ. ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಕಾರಿನ ಮ್ಯಾನಿಫೋಲ್ಡ್ ಬಿಚ್ಚಿ ಕೆರೆದವರಿಗೆ ಅದರ ಕಷ್ಟ ಗೊತ್ತು. ಗಾಳಿ ಹೋಗುವ ದಾರಿಯೇ ಕಿರಿದಾಗಿ ಪಿಕಪ್ ಇಳಿಯುತ್ತದೆ, ಕಪ್ಪು ಹೊಗೆ ಶುರುವಾಗುತ್ತದೆ. ಹೊಸ ಬಗೆಯ ಪೆಟ್ರೋಲ್ ಇಂಜಿನ್ನುಗಳಲ್ಲಿ, ಅಂದರೆ ಇಂಧನವನ್ನು ನೇರ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಜಿಡಿಐ, ಟಿಎಸ್‌ಐ ಮುಂತಾದವುಗಳಲ್ಲಿ, ಬೇರೆ ತೊಂದರೆ. ಹಿಂದಿನ ಇಂಜಿನ್ನುಗಳಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನ ಮೇಲೆ ಬಿದ್ದು ಅದನ್ನು ತೊಳೆಯುತ್ತಿತ್ತು. ಈಗ ಆ ತೊಳೆತ ಇಲ್ಲ. ಬಂದ ಆಯಿಲ್ ಅಲ್ಲೇ ಬೆಂದು ಕರಿಕಾಗಿ ಕೂರುತ್ತದೆ.

ಈಗ ಡಬ್ಬಿಗೆ ಬರುತ್ತೇನೆ. ಅದರ ರಚನೆ ಸರಳ. ಅರ್ಧ ಲೀಟರ್ ಹಿಡಿಯುವಷ್ಟು ಅಲ್ಯೂಮಿನಿಯಂ ಡಬ್ಬಿ, ಒಂದು ಒಳದಾರಿ, ಒಂದು ಹೊರದಾರಿ, ತಳದಲ್ಲಿ ಖಾಲಿ ಮಾಡಲು ನಲ್ಲಿ ಅಥವಾ ತಿರುಪು, ಎಷ್ಟು ತುಂಬಿದೆ ಎಂದು ನೋಡಲು ಕಡ್ಡಿ. ಒಳಗೆ ತಗಡಿನ ಅಡ್ಡತಡೆಗಳು, ಉಕ್ಕಿನ ಜಾಲರಿ. ಬ್ರೀದರಿನಿಂದ ಬಂದ ಹೊಗೆ ಇಕ್ಕಟ್ಟಾದ ಪೈಪಿನಿಂದ ಅಗಲವಾದ ಡಬ್ಬಿಗೆ ಬಂದಾಗ ಅದರ ವೇಗ ತಗ್ಗುತ್ತದೆ. ತಗಡಿಗೆ ತಾಗಿ ತಿರುಗುವಾಗ ಗಾಳಿ ಹಗುರವಾಗಿ ಹೊರಳಿಕೊಳ್ಳುತ್ತದೆ, ಆಯಿಲ್ ಹನಿ ಭಾರವಾದ್ದರಿಂದ ತಗಡಿಗೆ ಹೊಡೆದು ಅಲ್ಲೇ ಅಂಟುತ್ತದೆ. ಅನ್ನದ ಪಾತ್ರೆಯ ಮುಚ್ಚಳದೊಳಗೆ ಹಬೆ ಕೂಡಿ ಹನಿಯಾಗಿ ತೊಟ್ಟಿಕ್ಕುವಂತೆ ಸಣ್ಣ ಹನಿಗಳು ಕೂಡಿ ದೊಡ್ಡದಾಗಿ ತಳಕ್ಕೆ ಇಳಿಯುತ್ತವೆ. ಒಂದು ಮೈಕ್ರಾನಿಗಿಂತಲೂ ಸಣ್ಣ ಹನಿಗಳು ಹೀಗೆ ಸುಲಭವಾಗಿ ಸಿಗುವುದಿಲ್ಲ, ಅವಕ್ಕೆ ಜಾಲರಿಯೋ ಒಳ್ಳೆಯ ಫಿಲ್ಟರೋ ಬೇಕು. ಆದ್ದರಿಂದ ಒಳಗೆ ಏನೂ ಇಲ್ಲದ ಖಾಲಿ ಡಬ್ಬಿ, ಹೊರಗೆ ಎಷ್ಟೇ ಹೊಳೆಯುತ್ತಿರಲಿ, ತರಬೇಡಿ. ಕೊಳ್ಳುವಾಗ ಮುಚ್ಚಳ ತಿರುಗಿಸಿ ಒಳಗೆ ನೋಡಿ.

ಕಾರು ರೇಸುಗಳಲ್ಲಿ ಈ ಡಬ್ಬಿ ಬಹಳ ಹಿಂದಿನಿಂದ ಇದೆ, ಆದರೆ ಅಲ್ಲಿನ ಕಾರಣ ಬೇರೆ. ಬ್ರೀದರಿನ ಆಯಿಲ್ ಟ್ರ್ಯಾಕಿನ ಮೇಲೆ ಚೆಲ್ಲಿದರೆ ಹಿಂದೆ ಬರುವ ಕಾರು ಜಾರಿ ಜೀವ ಹೋಗಬಹುದು. ಬ್ರೀದರ್ ತೆರೆದಿರುವ ಕಾರುಗಳಲ್ಲಿ ಎರಡು ಲೀಟರ್ ಇಂಜಿನ್ನಿನವರೆಗೆ ಕನಿಷ್ಠ 2 ಲೀಟರಿನ, ಅದಕ್ಕೂ ದೊಡ್ಡ ಇಂಜಿನ್ನಿಗೆ 3 ಲೀಟರಿನ ಡಬ್ಬಿ ಇರಬೇಕೆಂದು ಅಂತರರಾಷ್ಟ್ರೀಯ ರೇಸ್ ನಿಯಮಗಳು ಹೇಳುತ್ತವೆ. ನಿತ್ಯ ಓಡಾಡುವ ಡೀಸೆಲ್ ಗಾಡಿಗಳಿಗೆ ಇದನ್ನು ಹೆಚ್ಚಾಗಿ ಹಾಕಿಸುವವರು ಆಸ್ಟ್ರೇಲಿಯದವರು. ದೂಳು, ದೂರ, ಬಿಸಿಲು ಮೂರೂ ಇರುವ ನಾಡು ಅದು. ಜರ್ಮನಿಯ ಮಾನ್ ಹುಮ್ಮೆಲ್ ಕಂಪನಿಯ ಪ್ರೊವೆಂಟ್ ಎಂಬ ಡಬ್ಬಿ ಅಲ್ಲಿ ಬಹಳ ಬಳಕೆಯಲ್ಲಿದೆ. ಅದರ ಫಿಲ್ಟರ್ ಕಟ್ಟಿಕೊಂಡರೆ ಒತ್ತಡ ಹೊರಹೋಗಲು ಸುರಕ್ಷತೆಯ ವಾಲ್ವ್ ಇಟ್ಟಿದ್ದಾರೆ. ಆ ವಾಲ್ವಿನ ಮಹತ್ವವನ್ನು ಮುಂದೆ ಹೇಳುತ್ತೇನೆ.

ಹಾಗಾದರೆ ನಾಳೆಯೇ ಹಾಕಿಸಿಬಿಡೋಣವೇ? ತಾಳಿ. ಚಿತ್ರದುರ್ಗ ಜಿಲ್ಲೆಯಲ್ಲಿ ಗಾಡಿ ಓಡಿಸುವವರು ಡಬ್ಬಿಗಿಂತ ಮೊದಲು ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು ನೋಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮದು ಮಳೆ ಕಡಿಮೆ, ಗಾಳಿ ಹೆಚ್ಚು ಇರುವ ನೆಲ. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದೇ ಅದಕ್ಕೆ ಸಾಕ್ಷಿ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಕೆಂಪು ದೂಳು, ಹಿರಿಯೂರಿನ ಬಯಲಿನಲ್ಲಿ ಬೇಸಗೆಯ ಉತ್ತ ಹೊಲದ ದೂಳು. ಏರ್ ಫಿಲ್ಟರ್ ದೂಳಿನಿಂದ ಕಟ್ಟಿಕೊಂಡರೆ ಟರ್ಬೊಗೆ ಬೇಕಾದ ಗಾಳಿ ಅಲ್ಲಿಂದ ಸಿಗುವುದಿಲ್ಲ. ಫಿಲ್ಟರಿಗೂ ಟರ್ಬೊಗೂ ನಡುವಿನ ಎಳೆತ ಜೋರಾಗುತ್ತದೆ. ಬ್ರೀದರ್ ಸೇರುವುದು ಅದೇ ಜಾಗಕ್ಕೆ. ಆ ಎಳೆತ ಚೇಂಬರಿನಿಂದ ಇನ್ನಷ್ಟು ಆಯಿಲ್ ಮಂಜನ್ನು ಸೆಳೆದುಕೊಳ್ಳುತ್ತದೆ. ಅಂದರೆ ಕೆಲವು ನೂರು ರೂಪಾಯಿಯ ಫಿಲ್ಟರ್ ಬದಲಿಸದೆ ಬಿಟ್ಟದ್ದರಿಂದಲೇ ಪೈಪಿನಲ್ಲಿ ಆಯಿಲ್ ಕಂಡಿರಬಹುದು. ಇನ್ನು ಫಿಲ್ಟರ್ ಹರಿದಿದ್ದರೆ, ಅಥವಾ ಪೆಟ್ಟಿಗೆಯ ಕ್ಲಿಪ್ ಸರಿಯಾಗಿ ಕೂರದೆ ಸಂದು ಬಿಟ್ಟಿದ್ದರೆ, ದೂಳು ನೇರ ಸಿಲಿಂಡರಿಗೆ ಹೋಗಿ ರಿಂಗನ್ನು ಸವೆಸುತ್ತದೆ. ಆಗ ಬ್ಯಾಕ್ ಕಂಪ್ರೆಷನ್ ನಿಜವಾಗಿಯೂ ಏರುತ್ತದೆ. ಯಾವ ಡಬ್ಬಿಯೂ ಅದನ್ನು ಸರಿ ಮಾಡಲಾರದು.

ಕಂಪನಿಯ ಪುಸ್ತಕದಲ್ಲಿ ಇಷ್ಟು ಸಾವಿರ ಕಿಲೋಮೀಟರಿಗೆ ಫಿಲ್ಟರ್ ಬದಲಿಸಿ ಎಂದು ಬರೆದಿರುತ್ತದೆ. ಅದೇ ಪುಸ್ತಕದಲ್ಲಿ, ದೂಳಿನ ಪ್ರದೇಶದಲ್ಲಿ ಓಡಿಸುವವರು ಇನ್ನೂ ಬೇಗ ಬದಲಿಸಿ ಎಂಬ ಮಾತೂ ಇರುತ್ತದೆ. ಆ ಎರಡನೆಯ ಮಾತು ನಮಗಾಗಿಯೇ ಬರೆದದ್ದು ಎಂದು ತಿಳಿಯಿರಿ. ಕಂಪ್ರೆಸರ್ ಗಾಳಿ ಹೊಡೆದು ಅದೇ ಫಿಲ್ಟರನ್ನು ಮತ್ತೆ ಮತ್ತೆ ಹಾಕುವ ರೂಢಿ ನಮ್ಮಲ್ಲಿದೆ. ಜೋರು ಗಾಳಿಗೆ ಕಾಗದದ ಫಿಲ್ಟರಿನಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಇಲ್ಲಿ ಉಳಿತಾಯ ಮಾಡಬೇಡಿ.

ಫಿಲ್ಟರ್ ಆದಮೇಲೆ ಆಯಿಲ್ ಮಟ್ಟ. ಗೇಜಿನ ಕಡ್ಡಿಯ ಮೇಲಿನ ಗುರುತನ್ನು ದಾಟಿ ಆಯಿಲ್ ತುಂಬಿಸಿದರೆ ಕ್ರ್ಯಾಂಕು ಅದನ್ನು ಕಡೆದು ನೊರೆ ಎಬ್ಬಿಸಿ ಬ್ರೀದರಿಗೆ ಕಳಿಸುತ್ತದೆ. "ಇರ್ಲಿ ಬಿಡ್ರಿ, ಇನ್ನರ್ಧ ಲೀಟರ್ ಹಾಕ್ತೀನಿ" ಎನ್ನುವ ಧಾರಾಳತನ ಬೇಡವೆಂದು ಮೆಕ್ಯಾನಿಕ್ಕಿಗೆ ಹೇಳಿ.

ಟರ್ಬೊ ಕೆಟ್ಟಿದೆಯೇ ಎಂದು ನೋಡುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮೊದಲು ಹೇಳಿದ ಆ ಹತ್ತಾರು ಸಾವಿರ ಉಳಿಯುವುದು ಇಲ್ಲಿಯೇ. ಇಂಜಿನ್ ತಣ್ಣಗಿರುವಾಗ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ. ಬ್ರೀದರ್ ಸೇರುವ ಜಾಗದಿಂದ ಟರ್ಬೊವರೆಗೆ ಜಿಡ್ಡಿದ್ದು, ಅದಕ್ಕೆ ಮೊದಲು ಫಿಲ್ಟರಿನ ಕಡೆ ಒಣಗಿದ್ದರೆ, ಆಯಿಲ್ ಬ್ರೀದರಿನದೇ. ಟರ್ಬೊಗೆ ಹೋಗುವ ಮುನ್ನವೇ ಇರುವ ಆಯಿಲನ್ನು ಟರ್ಬೊ ಮೇಲೆ ಹೊರಿಸಲಾಗದು. ಆಮೇಲೆ ಟರ್ಬೊದ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರುತ್ತದೆ, ಅದು ಸಹಜ. ಚಕ್ರದ ಅಂಚು ಗೋಡೆಗೆ ಉಜ್ಜಿದ ಗುರುತಿದ್ದರೆ, ಅಥವಾ ಶಾಫ್ಟು ಹಿಂದಕ್ಕೂ ಮುಂದಕ್ಕೂ ಕೈಗೆ ತಿಳಿಯುವಷ್ಟು ಸರಿದರೆ, ಆಗ ಟರ್ಬೊ ಬಗ್ಗೆ ಮಾತಾಡಬಹುದು.

ಇಷ್ಟೆಲ್ಲ ಸರಿಯಿದ್ದೂ ಪೈಪು ಜಿಡ್ಡಾಗುತ್ತಿದ್ದರೆ, ಗಾಡಿ ವಾರಂಟಿ ದಾಟಿದ್ದರೆ, ಡಬ್ಬಿಯಿಂದ ಉಪಯೋಗವಿದೆ. ಡೀಸೆಲ್ಲಿನಲ್ಲಿ ಅಳವಡಿಸುವುದು ಸುಲಭ, ಏಕೆಂದರೆ ಸಾಮಾನ್ಯವಾಗಿ ಒಂದೇ ಬ್ರೀದರ್ ಪೈಪು. ಟ್ಯಾಪೆಟ್ ಕವರಿನಿಂದ ಹೊರಡುವ ಆ ಪೈಪನ್ನು ತೆಗೆದು, ಕವರಿನಿಂದ ಡಬ್ಬಿಯ ಒಳದಾರಿಗೆ ಒಂದು ಪೈಪು, ಡಬ್ಬಿಯ ಹೊರದಾರಿಯಿಂದ ಟರ್ಬೊ ಮುಂದಿನ ಹಳೆಯ ಜಾಗಕ್ಕೆ ಇನ್ನೊಂದು. ಕೇಳಲು ಇಷ್ಟೇ. ಆದರೆ ಕೆಡುವುದು ಈ ಎರಡು ಪೈಪುಗಳಲ್ಲೇ.

ಪೈಪಿನ ಒಳ ಅಗಲ ಮೂಲ ಪೈಪಿನಷ್ಟೇ ಇರಬೇಕು, ಕಡಿಮೆಯಾಗಕೂಡದು. ಡಬ್ಬಿಯ ಜೊತೆ ಬರುವ ಸಣ್ಣ ಪೈಪನ್ನೇ ಹೇಗೋ ಸಿಕ್ಕಿಸಿದರೆ ಇಂಜಿನ್ನಿನ ಉಸಿರು ಕಟ್ಟುತ್ತದೆ. ಚೇಂಬರಿನ ಒತ್ತಡ ಏರಿದಾಗ ಹೋಗುವುದು ಸೀಲುಗಳು ಮಾತ್ರವಲ್ಲ. ಟರ್ಬೊದ ಬೇರಿಂಗನ್ನು ನೆನೆಸಿ ಬಂದ ಆಯಿಲ್ ತನ್ನ ಭಾರದಿಂದಲೇ ಚೇಂಬರಿಗೆ ಇಳಿಯಬೇಕು. ಕೆಳಗಿನಿಂದ ಒತ್ತಡ ತಳ್ಳುತ್ತಿದ್ದರೆ ಅದು ಇಳಿಯಲಾರದೆ ಟರ್ಬೊ ಸೀಲನ್ನು ದಾಟಿ ಪೈಪಿಗೆ ನುಗ್ಗುತ್ತದೆ. ಅಂದರೆ ಯಾವ ತೊಂದರೆ ತಪ್ಪಿಸಲು ಡಬ್ಬಿ ಹಾಕಿದಿರೋ ಅದನ್ನೇ ಹಣ ಕೊಟ್ಟು ತಂದಂತೆ. ಪ್ರೊವೆಂಟ್‌ನವರು ವಾಲ್ವ್ ಇಟ್ಟದ್ದು ಈ ಭಯಕ್ಕೇ.

ರಬ್ಬರಿನ ಜಾತಿಯನ್ನೂ ನೋಡಬೇಕು. ಗ್ಯಾರೇಜಿನಲ್ಲಿ ಕೈಗೆ ಸಿಗುವುದು ರೇಡಿಯೇಟರ್ ಪೈಪಿನ ತುಂಡು. ಅದು ಇಪಿಡಿಎಂ ಎಂಬ ರಬ್ಬರು, ಬಿಸಿನೀರಿಗೆ ಗಟ್ಟಿ, ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ. ಮೆತ್ತಗಾದ ಪೈಪು ಎಳೆತಕ್ಕೆ ಒಳಗೊಳಗೇ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನ, ಒಳಗೆ ನೂಲಿನ ಹೆಣಿಗೆಯಿರುವ ಪೈಪನ್ನೇ ಕೇಳಿ ತನ್ನಿ.

ಡಬ್ಬಿ ನೆಟ್ಟಗೆ ನಿಲ್ಲಬೇಕು, ಸೈಲೆನ್ಸರ್ ಮ್ಯಾನಿಫೋಲ್ಡಿನಿಂದಲೂ ಟರ್ಬೊದಿಂದಲೂ ದೂರ, ಗಾಳಿ ಆಡುವ ಕಡೆ. ಡಬ್ಬಿ ತಣ್ಣಗಿದ್ದಷ್ಟೂ ಆಯಿಲ್ ಚೆನ್ನಾಗಿ ಬೇರ್ಪಡುತ್ತದೆ. ಕವರಿನಿಂದ ಡಬ್ಬಿಗೆ ಬರುವ ಪೈಪು ಇಳಿಜಾರಾಗಿರಲಿ. ನಡುವೆ ಜೋತುಬಿದ್ದರೆ ಆ ಬಾಗಿನಲ್ಲಿ ಆಯಿಲ್ ನಿಂತು ದಾರಿ ಕಟ್ಟುತ್ತದೆ. ಇಂಜಿನ್ ಅಲ್ಲಾಡುತ್ತದೆ, ಡಬ್ಬಿಯನ್ನು ಬಿಗಿದ ಬಾಡಿ ಅಲ್ಲಾಡುವುದಿಲ್ಲ. ಆದ್ದರಿಂದ ಪೈಪಿಗೆ ಸ್ವಲ್ಪ ಸಡಿಲ ಕೊಡಿ, ಬೆಲ್ಟಿಗೆ ತಾಗದಂತೆ ಕಟ್ಟಿ. ಟರ್ಬೊ ಕಡೆಯ ಕ್ಲಾಂಪು ಗಾಳಿ ಸೋರದಂತೆ ಬಿಗಿಯಾಗಿರಲಿ, ಅಲ್ಲಿ ಸೋರಿದರೆ ಫಿಲ್ಟರಾಗದ ದೂಳು ನೇರ ಟರ್ಬೊಗೆ.

ಹಾಕಿದ್ದು ಸರಿಯೋ ಎಂದು ತಿಳಿಯಲು ಅಗ್ಗದ ಪರೀಕ್ಷೆ ಇದೆ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಟ್ಯೂಬ್ ತಂದು, ಅರ್ಧ ನೀರು ತುಂಬಿ, ಬಾಗಿಸಿ ಹಲಗೆಗೆ ಕಟ್ಟಿ. ಒಂದು ತುದಿಯನ್ನು ಆಯಿಲ್ ಗೇಜಿನ ಕಡ್ಡಿ ಕೂರುವ ನಳಿಕೆಗೆ ಗಾಳಿಯಾಡದಂತೆ ಜೋಡಿಸಿ, ಇನ್ನೊಂದು ತುದಿ ಬಯಲಿಗೆ ಬಿಡಿ. ಇಂಜಿನ್ ಚಾಲೂ ಮಾಡಿ ನೀರಿನ ಎರಡು ಮಟ್ಟಗಳ ಅಂತರ ಅಳೆಯಿರಿ, ಐಡಲ್‌ನಲ್ಲಿ ಒಮ್ಮೆ, ಆಕ್ಸಿಲರೇಟರ್ ಒತ್ತಿ ಒಮ್ಮೆ. ಡಬ್ಬಿ ಹಾಕುವ ಮುನ್ನ ಅಳೆದು ಬರೆದಿಡಿ, ಹಾಕಿದ ಮೇಲೆ ಮತ್ತೆ ಅಳೆಯಿರಿ. ಹಾಕಿದ ಮೇಲೆ ಒತ್ತಡ ಏರಿದ್ದು ಕಂಡರೆ ಪೈಪಿನಲ್ಲೋ ಜಾಲರಿಯಲ್ಲೋ ಅಡ್ಡಿ ಇದೆ, ಗಾಡಿ ರಸ್ತೆಗೆ ಇಳಿಸಬೇಡಿ.

ಪೆಟ್ರೋಲ್ ಟರ್ಬೊದಲ್ಲಿ ಬ್ರೀದರ್ ಹೊಗೆಯ ಹಾದಿ ಎರಡು. ಮೆಲ್ಲಗೆ ಹೋಗುವಾಗ ಪಿಸಿವಿ ವಾಲ್ವಿನ ಮೂಲಕ ಮ್ಯಾನಿಫೋಲ್ಡಿಗೆ, ಟರ್ಬೊ ಒತ್ತುವಾಗ ಇನ್ನೊಂದು ಪೈಪಿನಲ್ಲಿ ಟರ್ಬೊಗಿಂತ ಮೊದಲಿನ ಜಾಗಕ್ಕೆ. ಹಲವು ಕಾರುಗಳಲ್ಲಿ ಈ ವಾಲ್ವುಗಳು ಟ್ಯಾಪೆಟ್ ಕವರಿನೊಳಗೇ ಅಡಗಿವೆ. ತಿಳಿಯದೆ ಒಂದನ್ನು ಮುಚ್ಚಿದರೆ, ಅಥವಾ ಒಂದು ಕಡೆ ಗಾಳಿ ಸೋರಿದರೆ, ಗಾಳಿಯ ಲೆಕ್ಕ ತಪ್ಪಿ ಚೆಕ್ ಇಂಜಿನ್ ದೀಪ ಹೊತ್ತುತ್ತದೆ. ಆ ಮಾದರಿಯ ಇಂಜಿನ್ನಿಗೇ ಮಾಡಿದ ಕಿಟ್ ಮತ್ತು ಆ ಇಂಜಿನ್ ಬಲ್ಲ ಮೆಕ್ಯಾನಿಕ್ ಎರಡೂ ಇಲ್ಲದಿದ್ದರೆ ಪೆಟ್ರೋಲ್ ಕಾರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಕೆಲವರು ಡಬ್ಬಿಯ ಹೊರದಾರಿಗೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಬಯಲಿಗೆ ಬಿಟ್ಟುಬಿಡುತ್ತಾರೆ, ಟರ್ಬೊ ಕಡೆಯ ದಾರಿಯನ್ನು ಮುಚ್ಚಿಬಿಡುತ್ತಾರೆ. ಇದು ತಪ್ಪು. ಅರವತ್ತು ವರ್ಷಗಳಿಗೂ ಹಿಂದೆ ಬೇಡವೆಂದು ಬಿಟ್ಟದ್ದನ್ನು ಮತ್ತೆ ಊರಿನ ಗಾಳಿಗೆ ಬಿಟ್ಟಂತಾಗುತ್ತದೆ, ಆ ವಾಸನೆ ಕಾರಿನೊಳಗೆ ಕೂತ ಮಕ್ಕಳಿಗೂ ಬರುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ಎಂಬ ಮಾಲಿನ್ಯ ಮಾನದಂಡ ಜಾರಿಯಾಗಿದೆ. ಮುಚ್ಚಿದ ಬ್ರೀದರ್ ಮಾಲಿನ್ಯ ನಿಯಂತ್ರಣ ವ್ಯವಸ್ಥೆಯ ಭಾಗ, ಅದನ್ನು ತೆರೆಯುವುದು ಆ ವ್ಯವಸ್ಥೆಯನ್ನು ಮುರಿದಂತೆ. ಬಿಎಸ್ 6 ಡೀಸೆಲ್ಲಿನಲ್ಲಿ ಡಿಪಿಎಫ್ ಎಂಬ, ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಯಿಲ್ ಉರಿದ ಬೂದಿ ಅದರಲ್ಲಿ ಕೂತರೆ ಮಸಿಯಂತೆ ಸುಟ್ಟುಹೋಗುವುದಿಲ್ಲ. ಆ ದೃಷ್ಟಿಯಿಂದ ಹೊಸ ಗಾಡಿಗೂ ಡಬ್ಬಿ ಒಳ್ಳೆಯದೇ. ಆದರೂ ವಾರಂಟಿಯಲ್ಲಿರುವ ಗಾಡಿಯ ಪೈಪಿಗೆ ಕೈ ಹಾಕಬೇಡಿ, ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಬರಹದಲ್ಲಿ ಕೇಳಿಕೊಳ್ಳಿ. ಎಷ್ಟೋ ಹೊಸ ಇಂಜಿನ್ನುಗಳ ಟ್ಯಾಪೆಟ್ ಕವರಿನೊಳಗೆ ಆಯಿಲ್ ಬೇರ್ಪಡಿಸುವ ಕೋಣೆಯನ್ನು ಕಂಪನಿಯೇ ಕೊಟ್ಟಿರುತ್ತದೆ.

ಡಬ್ಬಿ ಹಾಕಿದ ಮೇಲಿನ ಕೆಲಸ ನಿಮ್ಮದು, ಅದೇ ದೊಡ್ಡದು. ಮೊದಲ 500 ಕಿಲೋಮೀಟರಿಗೆ ತೆಗೆದು ನೋಡಿ. ಆಮೇಲೆ ಪ್ರತಿ 1000ಕ್ಕೆ, ಅರ್ಧ ತುಂಬುವ ಮೊದಲೇ ಖಾಲಿ ಮಾಡಿ. ಹಿರಿಯೂರಿನಿಂದ ಬೆಂಗಳೂರಿಗೆ 160 ಕಿಲೋಮೀಟರ್ ಒಂದೇ ಓಟದಲ್ಲಿ ಹೋಗಿಬರುವ ಗಾಡಿಯಲ್ಲಿ ಕಪ್ಪು ಆಯಿಲ್ ಸಿಗುತ್ತದೆ. ಹೊಸದುರ್ಗದ ರೈತರೊಬ್ಬರು ಮನೆಯಿಂದ ತೆಂಗಿನ ತೋಟಕ್ಕೆ, ತೋಟದಿಂದ ಪೇಟೆಗೆ ಎಂದು ಮೂರು ನಾಲ್ಕು ಕಿಲೋಮೀಟರ್ ಓಡಿಸುವ ಗಾಡಿಯಲ್ಲಿ, ಅದರಲ್ಲೂ ಚಳಿಗಾಲದ ಬೆಳಗುಗಳಲ್ಲಿ, ಕಾಫಿ ಬಣ್ಣದ ನೊರೆ ಸಿಗುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದೆ ನೀರು ಆಯಿಲಿನಲ್ಲಿ ಉಳಿದದ್ದರ ಗುರುತು ಅದು, ಹೆದರಬೇಡಿ. ವಾರಕ್ಕೊಮ್ಮೆ ಹೊಳಲ್ಕೆರೆವರೆಗೋ ಚಿತ್ರದುರ್ಗದವರೆಗೋ ಓಡಿಸಿದರೆ ನೀರು ಆವಿಯಾಗಿ ಹೋಗುತ್ತದೆ. ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಿ. ಡಬ್ಬಿ ಸಾವಿರ ಕಿಲೋಮೀಟರಿಗೇ ತುಂಬಿಬಿಡುತ್ತಿದ್ದರೆ ಖಾಲಿ ಮಾಡಿ ಸುಮ್ಮನಾಗಬೇಡಿ. ಅದು ರಿಂಗು ಸವೆದ ಸುದ್ದಿ, ಕಂಪ್ರೆಷನ್ ಟೆಸ್ಟ್ ಮಾಡಿಸಿ.

ತುಂಬಿದ ಡಬ್ಬಿಯನ್ನು ಮರೆತರೆ ಅಪಾಯವಿದೆ. ಏರಿನಲ್ಲಿ ಜೋರಾಗಿ ಎಳೆಯುವಾಗ ಆ ಆಯಿಲ್ ಒಂದೇ ಸಲ ಟರ್ಬೊಗೆ ನುಗ್ಗಿದರೆ ಡೀಸೆಲ್ ಇಂಜಿನ್ ಅದನ್ನೇ ಇಂಧನ ಮಾಡಿಕೊಂಡು ತನ್ನಷ್ಟಕ್ಕೆ ತಾನೇ ರೈಸ್ ಆಗುತ್ತ ಹೋಗುತ್ತದೆ. ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ. ಹಾಗೇನಾದರೂ ಆದರೆ, ಗೇರ್ ಗಾಡಿಯಾದರೆ ಬ್ರೇಕ್ ಬಲವಾಗಿ ತುಳಿದು, ದೊಡ್ಡ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಬೀಳಿಸಿ. ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗಿ. ಗಾಳಿ ಪೈಪಿಗೆ ಬರಿಗೈ ಅಡ್ಡ ಇಡಬೇಡಿ.

ಕೊನೆಯದಾಗಿ, ಡಬ್ಬಿಯಿಂದ ತೆಗೆದ ಆಯಿಲ್. ಅದನ್ನು ಮತ್ತೆ ಇಂಜಿನ್ನಿಗೆ ಸುರಿಯಬೇಡಿ, ಅದರಲ್ಲಿ ನೀರು, ಇಂಧನ, ಆಮ್ಲ ಇವೆ. ಚರಂಡಿಗೂ ಚೆಲ್ಲಬೇಡಿ. ಬಳಸಿದ ಆಯಿಲನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಸೇರಿಸಿವೆ. ನಾವು ಬೋರ್‌ವೆಲ್ ನೀರು ನಂಬಿ ಬದುಕುವ ಜನ. 1907ರಲ್ಲಿ ಕಟ್ಟಿ ಮುಗಿಸಿದ ನಮ್ಮ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅಂಥ ನೆಲದಲ್ಲಿ ವೇದಾವತಿ ನದಿಗೋ ಕೆರೆಗೋ ಹೋಗುವ ಹಳ್ಳಕ್ಕೆ ಒಂದು ಲೋಟ ಆಯಿಲ್ ಸುರಿಯುವುದೂ ಸಲ್ಲದು. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಆಯಿಲ್ ಬದಲಿಸಲು ಹೋದಾಗ ಗ್ಯಾರೇಜಿಗೆ ಕೊಡಿ. ಗ್ಯಾರೇಜಿನ ಯಜಮಾನರಲ್ಲಿ ನನ್ನ ವಿನಂತಿ: ಅಂಗಳದ ಒಂದು ಮೂಲೆಯಲ್ಲಿ ಮುಚ್ಚಳವಿರುವ ಡ್ರಮ್ ಇಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೇ ಆ ಆಯಿಲನ್ನು ಕೊಡಿ.